ಪದಕ ಕೊಟ್ಟ ದೇಶವೇ ಇಲ್ಲ!

ಒಬ್ಬ ಕಲಾವಿದರಿಗೆ ಒಂದು ದೊಡ್ಡ ದೇಶ ಸ್ನೇಹದ ಪದಕ ಕೊಡುತ್ತೆ. ಏಳೇ ವರ್ಷ. ಪದಕ ಪಡೆದವರು ಇದ್ದಾರೆ, ಕೊಟ್ಟ ದೇಶ ಭೂಪಟದಲ್ಲಿಲ್ಲ! ಕಟ್ಟುಕತೆಯಲ್ಲ ಇದು. ನಮ್ಮ ಬೆಂಗಳೂರಿನಲ್ಲೇ ಬದುಕಿದ್ದವರೊಬ್ಬರ ಚರಿತ್ರೆ.

ಮೊದಲು ಪದಕದ ಹುಟ್ಟು ನೋಡೋಣ. ಸೋವಿಯತ್ ಒಕ್ಕೂಟ ರಚನೆಯಾಗಿದ್ದು 1922ರ ಡಿಸೆಂಬರ್ 30ರಂದು. ಅದಕ್ಕೆ ಐವತ್ತು ತುಂಬುವ ಹೊತ್ತಿಗೆ, 1972ರ ಡಿಸೆಂಬರ್ 17ರಂದು, ಮಾಸ್ಕೋ ಒಂದು ಹೊಸ ಪುರಸ್ಕಾರ ಸ್ಥಾಪಿಸಿತು. ಹೆಸರು ‘ಆರ್ಡರ್ ಆಫ್ ಫ್ರೆಂಡ್‌ಶಿಪ್ ಆಫ್ ಪೀಪಲ್ಸ್’, ಅಂದರೆ ಜನಾಂಗಗಳ ಮೈತ್ರಿ. ಒಕ್ಕೂಟದ ಹದಿನೈದು ಗಣರಾಜ್ಯಗಳ ಜನರನ್ನು ಬೆಸೆದವರಿಗೆ ಗೌರವ ಅನ್ನೋದು ಆಶಯ. ಹೊರದೇಶದಲ್ಲಿದ್ದವರಿಗೂ ಕೊಡುತ್ತಿದ್ದರು. ಯಾಕೆ ಅಂತೀರಾ? ಶೀತಲ ಸಮರದ ಕಾಲ ಅದು. ಸ್ನೇಹಿತರು ಬೇಕಿತ್ತು. ಭಾರತದ ಜೊತೆ ಮೈತ್ರಿ ಒಪ್ಪಂದಕ್ಕೆ ಸಹಿ ಬಿದ್ದು ಆಗಿನ್ನೂ ಒಂದು ವರ್ಷ ದಾಟಿತ್ತು ಅಷ್ಟೆ.

1984ರಲ್ಲಿ ಈ ಪದಕ ಪಡೆದವರು ಸ್ವೆತೊಸ್ಲಾವ್ ರೋರಿಕ್. ನಟಿ ದೇವಿಕಾ ರಾಣಿಯ ಪತಿ ಅಂದರೆ ಬೇಗ ನೆನಪಾಗುತ್ತೆ, ಅಲ್ವಾ? 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. 1917ರ ಕ್ರಾಂತಿಯ ನಂತರ ಅವರ ಕುಟುಂಬ ರಷ್ಯಾದಿಂದ ಹೊರಗೇ ಉಳಿಯಿತು, 1928ರಲ್ಲಿ ಕುಲು ಕಣಿವೆಯಲ್ಲಿ ನೆಲೆಸಿತು. ದೇಶ ಬಿಟ್ಟವರ ಮಗ! ಅವರಿಗೇ ಸೋವಿಯತ್ ಸರ್ಕಾರ ಸ್ನೇಹದ ಪದಕ ತೊಡಿಸಿತು.

ಅಷ್ಟು ಸುಲಭಕ್ಕೆ ಬಂದ ಗೌರವ ಅಲ್ಲ ಅದು. 1960ರಲ್ಲೇ ಮಾಸ್ಕೋದಲ್ಲಿ ರೋರಿಕ್ ಚಿತ್ರಗಳ ಪ್ರದರ್ಶನ ನಡೆದಿತ್ತು. ನಮ್ಮ ಬೆಟ್ಟ, ನಮ್ಮ ಕೆಮ್ಮಣ್ಣು, ನಮ್ಮ ರೈತ ಹೆಣ್ಣುಮಕ್ಕಳನ್ನು ಅವರ ಕುಂಚ ಅಲ್ಲಿಗೆ ತಲುಪಿಸಿತು. ಇಲ್ಲಿ? ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ಗೆ ನೆಹರೂ ಭಾವಚಿತ್ರ ಬರೆದುಕೊಟ್ಟವರು ಇವರೇ. 1961ರಲ್ಲಿ ಭಾರತ ಪದ್ಮಭೂಷಣ ಕೊಟ್ಟಿತ್ತು.

ಆಮೇಲೆ ಬಂತು 1991ರ ಡಿಸೆಂಬರ್. ಯಾವ ಜನಾಂಗಗಳ ಮೈತ್ರಿ ಅಂತ ಪದಕ ಹೊಡೆಸಿದ್ದರೋ, ಅವು ಹದಿನೈದು ದೇಶಗಳಾಗಿ ಬೇರೆಯಾದವು. ಆಗ ರೋರಿಕ್‌ಗೆ 87 ವರ್ಷ. ಮುಂದೆ 1993ರ ಜನವರಿ 30ರಂದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು.

ರಷ್ಯಾ ಸುಮ್ಮನಿರಲಿಲ್ಲ. 1994ರ ಮಾರ್ಚ್ 2ರಂದು ‘ಆರ್ಡರ್ ಆಫ್ ಫ್ರೆಂಡ್‌ಶಿಪ್’ ಅಂತ ಹೊಸ ಪದಕ ತಂದಿತು. 2013ರಲ್ಲಿ ಪುಟಿನ್ ಅದನ್ನು ಯಾರಿಗೆ ಕೊಟ್ಟರು ಗೊತ್ತಾ? ಅಮೆರಿಕದ ತೈಲ ಕಂಪನಿ ಎಕ್ಸಾನ್ ಮೊಬಿಲ್‌ನ ಮುಖ್ಯಸ್ಥ ರೆಕ್ಸ್ ಟಿಲರ್‌ಸನ್‌ಗೆ. ಮರುವರ್ಷವೇ ಕ್ರಿಮಿಯಾ ರಷ್ಯಾದ ವಶವಾಯಿತು, ನಿರ್ಬಂಧಗಳು ಬಂದವು. 2017ರಲ್ಲಿ ಟಿಲರ್‌ಸನ್ ಅಮೆರಿಕದ ವಿದೇಶಾಂಗ ಸಚಿವರಾಗಲು ಹೊರಟಾಗ ಅದೇ ಪದಕ ಕೊರಳಿಗೆ ಉರುಳಾಯಿತು. ನೀವು ಯಾರ ಸ್ನೇಹಿತ ಸ್ವಾಮಿ ಅನ್ನೋ ಪ್ರಶ್ನೆ ಎದ್ದಿತು.

ಎರಡೂ ಸ್ನೇಹದ ಪದಕವೇ. ಆದರೆ ವ್ಯವಹಾರಕ್ಕೆ ಕಟ್ಟಿದ ಸ್ನೇಹ ವ್ಯವಹಾರ ಕೆಟ್ಟ ದಿನ ಭಾರವಾಗುತ್ತೆ. ರೋರಿಕ್ ವಿಚಾರದಲ್ಲಿ ದೇಶವೇ ಹೋದರೂ ಕೆಲಸ ಉಳಿಯಿತು.

ಉಳಿಸಿಕೊಳ್ಳೋದರಲ್ಲಿ ನಾವೆಷ್ಟು ಗಟ್ಟಿ? ಇದು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. 1994ರಲ್ಲಿ ದೇವಿಕಾ ರಾಣಿಯೂ ಹೋದರು. ಮಕ್ಕಳಿರಲಿಲ್ಲ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್, 468 ಎಕರೆ, ಕೋರ್ಟ್ ಮೆಟ್ಟಿಲೇರಿತು. ಸ್ವಾಧೀನಕ್ಕೆ ಕರ್ನಾಟಕ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. ಅದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ! ಹದಿನೈದು ವರ್ಷ ಕಾಗದಪತ್ರಕ್ಕೇ ಹೋಯಿತು. ದಂಪತಿಯ ಸಮಾಧಿ ಇರೋದು ಅದೇ ಎಸ್ಟೇಟ್‌ನಲ್ಲಿ. ಎಷ್ಟು ಜನ ಬೆಂಗಳೂರಿಗರು ನೋಡಿದ್ದೀರಿ?

ಹೋಗಲಿ ಬಿಡಿ, ಇಷ್ಟಾದರೂ ಮಾಡಬಹುದು. ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಲ್ಲಿ ರೋರಿಕ್ ಚಿತ್ರಗಳಿವೆ. ಮುಂದಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಗೆ ಹೋದಾಗ ಬೀದಿಯಲ್ಲೇ ಸೆಲ್ಫಿ ತಗೊಂಡು ವಾಪಸ್ ಬರಬೇಡಿ. ಮಕ್ಕಳ ಕೈಹಿಡಿದು ಒಳಗೂ ಹೋಗಿ ಬನ್ನಿ. ಪದಕ ಕೊಟ್ಟ ದೇಶ ಇಲ್ಲದಿದ್ದರೂ, ಆ ಸ್ನೇಹ ಯಾವ ಬಣ್ಣದಲ್ಲಿತ್ತು ಅನ್ನೋದನ್ನ ಕಣ್ಣಾರೆ ನೋಡಬಹುದು.