ಹಸಿರು ಶಾಲು ಸದನಕ್ಕೆ ಬಂದಾಗ

ರಾಜ್ಯದ ರೈತ ಚಳವಳಿಗೂ ಚುನಾವಣೆಗೂ ಹೊಂದಾಣಿಕೆ ಸುಲಭವಾಗಿರಲಿಲ್ಲ. ಅನುಮತಿ ಇಲ್ಲದೆ ಅಧಿಕಾರಿಗಳಾಗಲಿ, ರಾಜಕಾರಣಿಗಳಾಗಲಿ ಊರಿಗೆ ಕಾಲಿಡಬಾರದು ಎಂದು ಊರಬಾಗಿಲಲ್ಲೇ ಬೋರ್ಡು ನೆಟ್ಟ ಚಳವಳಿ ಅದು. ಹಾಗೆಂದವರೇ ಮತ ಕೇಳಲು ಹೊರಟರೆ ಹೇಗೆ? ಈ ಪ್ರಶ್ನೆಯನ್ನು ದೀರ್ಘಕಾಲ ಹೊತ್ತು ನಡೆದವರಲ್ಲಿ ಮಂಡ್ಯ ಜಿಲ್ಲೆಯ ಕೆ.ಎಸ್. ಪುಟ್ಟಣ್ಣಯ್ಯ ಒಬ್ಬರು.

ಅವರು 1949ರಲ್ಲಿ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಅತ್ತ ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಆ ಕಾವಿನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಮೂಡಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂಚೂಣಿಯಲ್ಲಿದ್ದರು. ಸಾಲಕ್ಕಾಗಿ ಜಪ್ತಿಯಾದ ಸಾಮಾನನ್ನು ರೈತರೇ ಮರುಜಪ್ತಿ ಮಾಡುವಷ್ಟು ಧೈರ್ಯ ಊರೂರಿಗೆ ಬಂತು. ಮಂಡ್ಯ ಸೀಮೆಯಲ್ಲಿ ಈ ಚಳವಳಿಯ ದನಿಯಾದವರು ಪುಟ್ಟಣ್ಣಯ್ಯ.

ಇಲ್ಲಿನ ನೋವು ಕಬ್ಬಿನದು. ರಾಗಿಯನ್ನಾದರೆ ಬೆಲೆ ಬರುವ ತನಕ ಮನೆಯಲ್ಲಿಟ್ಟುಕೊಳ್ಳಬಹುದು. ಕಡಿದ ಕಬ್ಬು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಕಾರ್ಖಾನೆ ಹೇಳಿದ ದಿನ ಸಾಗಿಸಲೇಬೇಕು. ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿಗಾಗಿ ಬೆಳೆಗಾರರು ಬೀದಿಗಿಳಿಯುವುದು ತಪ್ಪಲಿಲ್ಲ. ಕಾನೂನು ಪುಸ್ತಕದಲ್ಲಿದೆ, ಹಣ ಕೈಗೆ ಬರುತ್ತಿಲ್ಲ ಎಂದಾಗ ಕಾನೂನು ಮಾಡುವ ಮನೆಯೊಳಗೇ ಹೋಗಿ ಕೇಳುವ ಆಲೋಚನೆ ಬಲಗೊಂಡದ್ದು ಸಹಜ.

1989ರ ಚುನಾವಣೆಯಲ್ಲಿ ಸಂಘದ ಬಾಬಾಗೌಡ ಪಾಟೀಲರು ಎರಡು ಕಡೆ ಗೆದ್ದು ದಾರಿ ತೋರಿಸಿದ್ದರು. 1994ರಲ್ಲಿ ಪುಟ್ಟಣ್ಣಯ್ಯ ಪಾಂಡವಪುರದಿಂದ ಆಯ್ಕೆಯಾದರು. 224 ಸ್ಥಾನಗಳ ಸದನದಲ್ಲಿ ಸಂಘಕ್ಕೆ ದಕ್ಕಿದ್ದು ಅದೊಂದೇ. ಸದನದಲ್ಲಿ ಮಾತಿಗೆ ಸಿಗುವ ಸಮಯ ಪಕ್ಷದ ಬಲವನ್ನು ನೋಡಿಕೊಂಡು ನಿಗದಿಯಾಗುತ್ತದೆ. ಒಂಟಿ ಸದಸ್ಯ ಮಸೂದೆಯನ್ನು ತಡೆಯಲಾರ, ಸರ್ಕಾರವನ್ನು ಅಲ್ಲಾಡಿಸಲಾರ. ಪ್ರಶ್ನೆ ಕೇಳಬಲ್ಲ, ಅಷ್ಟೇ. ಹಸಿರು ಶಾಲು ಹೊದ್ದು, ಹಳ್ಳಿಯ ಮಾತಿನಲ್ಲೇ ಅವರು ಆ ಕೆಲಸ ಮಾಡಿದರು.

ಮುಂದಿನ ವರ್ಷಗಳು ಕಠಿಣವಾದವು. ಸಂಘ ಬಣಗಳಾಗಿ ಒಡೆಯಿತು. ನಂಜುಂಡಸ್ವಾಮಿ 2004ರಲ್ಲಿ ತೀರಿಕೊಂಡರು. 1999, 2004, 2008ರ ಮೂರೂ ಚುನಾವಣೆಗಳಲ್ಲಿ ಪುಟ್ಟಣ್ಣಯ್ಯನವರಿಗೆ ಸದನಕ್ಕೆ ಮರಳಲಾಗಲಿಲ್ಲ. ಹೋರಾಟಕ್ಕೆ ಸೇರುವ ಜನರೆಲ್ಲ ಮತಗಟ್ಟೆಯಲ್ಲಿ ಜೊತೆಗಿರುವುದಿಲ್ಲ. ಅಲ್ಲಿ ಜಾತಿ, ಪಕ್ಷ, ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಡೆಗೆ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ, ಕ್ಷೇತ್ರ ಮರುವಿಂಗಡಣೆಯಾದ ಮೇಲುಕೋಟೆಯಲ್ಲಿ ಅವರು ಗೆದ್ದರು. ಆಗಲೂ ಪಕ್ಷಕ್ಕೆ ಅವರೊಬ್ಬರೇ ಶಾಸಕರು.

ಶಾಸಕರಾಗಿರುವಾಗಲೇ, 2018ರ ಫೆಬ್ರುವರಿ 18ರಂದು, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಅದೇ ವರ್ಷ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅದೇ ಕ್ಷೇತ್ರದಲ್ಲಿ ಸೋತರು, 2023ರಲ್ಲಿ ಗೆದ್ದರು.

ನಾಲ್ಕು ದಶಕದ ರೈತ ಚಳವಳಿ ವಿಧಾನಸಭೆಗೆ ಕಳಿಸಿದವರನ್ನು ಬೆರಳೆಣಿಕೆಯಲ್ಲಿ ಹೇಳಿಬಿಡಬಹುದು. ಹಸಿರು ಶಾಲನ್ನು ಈಗ ಎಲ್ಲ ಪಕ್ಷದವರೂ ಹೊದೆಯುತ್ತಾರೆ. ಪುಟ್ಟಣ್ಣಯ್ಯ ಅದನ್ನು ಹೊದ್ದು ಒಂಟಿಯಾಗಿ ಕೂತಿದ್ದ ಕಾಲದಲ್ಲಿ ಕೇಳಲಾಗುತ್ತಿದ್ದ ಬೆಲೆ, ಬಾಕಿ, ನೀರಿನ ಪ್ರಶ್ನೆಗಳು ಮಾತ್ರ ಇನ್ನೂ ಸದನದ ಮುಂದಿವೆ.