ಕೋವಿ ಇರೋ ಮನೇಲಿ ಮಕ್ಕಳು

ನಮ್ಮ ಕೊಡಗಲ್ಲಿ ಕೋವಿ ಅಂದ್ರೆ ಮನೆ ಸಾಮಾನೇ ಅಲ್ವಾ ಅಕ್ಕಾ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇವತ್ತಿಗೂ ನಡೀತಿದೆ, ಜಮ್ಮಾ ಜಾಗದವರಿಗೂ ಇದೆ. ಗಂಡುಮಗು ಹುಟ್ಟಿದ್ರೆ ಹರಳುಕಡ್ಡಿ ಬಿಲ್ಲು ಕೈಗಿಟ್ಟು ಒಂದು ಗುಂಡು ಹಾರಿಸೋರು. (ಹೆಣ್ಣಿಗೆ ಯಾಕಿಲ್ಲ ಅಂತ ನಾನು ಕೇಳ್ತಾನೇ ಇದೀನಿ.) ಪೂಜೆ ಸಾಮಾನು, ಮುಟ್ಬಾರ್ದು ಅಂದ್ರೆ ಮಕ್ಕಳು ದೂರ ನಿಲ್ತಿದ್ರು. ಆಗಿನದು ಕೇಪಿನ ಕೋವಿ. ಮದ್ದು, ಚರೆ ಹಾಕಿ ಗಜದಿಂದ ಜಡೀಬೇಕು, ಈಡು ತುಂಬೋದು ಮಗು ಕೈಲಾಗೋ ಕೆಲಸ ಅಲ್ಲ. ಈಗಿನದಕ್ಕೆ ತೋಟಾ ತೂರಿಸಿದ್ರೆ ಮುಗೀತು. ಭಯಭಕ್ತಿ ಒಂದೇ ಸಾಲದು. ಖಾಲಿ ಕೋವಿಗೆ ಒಂದು ಬೀಗ, ತೋಟಾಕ್ಕೆ ಇನ್ನೊಂದು, ಕೀಲಿ ದೊಡ್ಡವರ ಹತ್ರ. ಕೋವಿ ಕಂಡ್ರೆ ಮುಟ್ಟದೆ ಬಂದು ಹೇಳು ಅಂತ ಮೊಮ್ಮಕ್ಕಳಿಗೆ ಕಲಿಸಿದೀನಿ. ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆದು ಬರೋ ಗಂಡಸರನ್ನ, ಕೋವಿ ಖಾಲಿ ಮಾಡಿದ್ರಾ ಅಂತ ಬಾಗಿಲಲ್ಲೇ ಕೇಳ್ತೀನಿ, ಕಡುಂಬುಟ್ಟು ಆಮೇಲೆ.