ಪದವಿಯ ನೆರೆಯಲ್ಲಿ ಕುಲುಮೆ

ಸಂಸ್ಕೃತದಲ್ಲಿ 'ಪದವಿ' ಎಂದರೆ ಮೊದಲು ದಾರಿ, ಹೆಜ್ಜೆಯಿಟ್ಟು ನಡೆದುಹೋಗತಕ್ಕ ಮಾರ್ಗ. ಸ್ಥಾನಮಾನವೆಂಬ ಅರ್ಥವು ಅನಂತರ ಬಂದುದು. ಕನ್ನಡಿಗರಾದ ನಾವು ಇದೇ ಶಬ್ದವನ್ನು ವಿಶ್ವವಿದ್ಯಾನಿಲಯವು ದಯಪಾಲಿಸುವ ಬಿರುದಿಗೂ ಸರ್ಕಾರವು ದಯಪಾಲಿಸುವ ಅಧಿಕಾರಕ್ಕೂ ಭೇದವೆಣಿಸದೆ ಬಳಸುತ್ತ ಬಂದಿದ್ದೇವೆ. ಮೊದಲನೆಯದು ಎರಡನೆಯದರ ಹೊಸ್ತಿಲಾಗಿದ್ದ ದೀರ್ಘಕಾಲವೊಂದು ನಮ್ಮ ದೇಶದಲ್ಲಿ ಕಳೆದಿರುವುದರಿಂದ, ಈ ಬಳಕೆಯಲ್ಲಿ ಒಂದು ಚರಿತ್ರೆಯೇ ಅಡಗಿದೆಯೆಂದರೆ ತಪ್ಪಾಗಲಾರದು. ಪದವೀಧರರಿಗೆ ಉದ್ಯೋಗಕ್ಕೆ ತಕ್ಕ ಕೌಶಲವಿಲ್ಲವೆಂದೂ, ಅದನ್ನು ಪಠ್ಯಕ್ರಮದೊಳಗೇ ಹೆಣೆಯಬೇಕೆಂದೂ ಇಂದು ಎಲ್ಲೆಡೆ ಕೇಳಿಬರುವ ಮಾತನ್ನು ಹೊಸತೆಂದು ಬಗೆಯುವವರು ಆ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಒಳಿತು.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು, ಸರ್ಕಾರಿ ಚಾಕರಿಗಳಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಪ್ರಾಶಸ್ತ್ಯವೆಂದು ನಿರ್ಣಯ ಹೊರಡಿಸಿದನು. ಅಲ್ಲಿಗೆ ಹದಿಮೂರು ವರ್ಷಗಳ ತರುವಾಯ, 1857ರಲ್ಲಿ, ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ತಲೆಯೆತ್ತಿದಾಗ, ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನನುಸರಿಸಿದ ಅವು ಪಾಠ ಹೇಳುವ ಹೊಣೆಯನ್ನು ಕಾಲೇಜುಗಳಿಗೆ ಬಿಟ್ಟು, ಪರೀಕ್ಷೆ ನಡೆಸಿ ಬಿರುದು ಕೊಡುವ ಕಾರ್ಯವನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಂಡವು. ಆದುದರಿಂದ ನಮ್ಮ ಪದವಿಗೆ ಉದ್ಯೋಗದ ನಂಟಿರಲಿಲ್ಲವೆಂಬ ದೂರು ಸತ್ಯಕ್ಕೆ ದೂರವಾದುದು; ನಂಟು ಹುಟ್ಟಿನಿಂದಲೇ ಇದ್ದಿತು, ಆದರೆ ಅದು ಕಚೇರಿಯ ಮೇಜೊಂದರ ನಂಟು. ಬರೆಯಬಲ್ಲವನು, ಲೆಕ್ಕವಿಡಬಲ್ಲವನು, ಕಾನೂನಿನ ವಾಕ್ಯವನ್ನು ಬಿಡಿಸಬಲ್ಲವನು ಬೇಕಾಗಿದ್ದ ಕಾಲಕ್ಕೆ ಅಂಥವನನ್ನೇ ಆ ವಿದ್ಯೆ ಸಿದ್ಧಪಡಿಸಿತು. ಕಚೇರಿಗಳು ತುಂಬಿದ ಮೇಲೆ, ಅದೇ ಸಿದ್ಧತೆಯುಳ್ಳವರು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತರು.

ಇದಕ್ಕೆ ಅಪವಾದವಾಗಿದ್ದುದು ಇಂಜಿನಿಯರುಗಳ ಶಿಕ್ಷಣ. ಕಾಲುವೆ, ಸೇತುವೆ, ರಸ್ತೆಗಳು ಕಣ್ಣೆದುರಿಗೇ ನಿರ್ಮಾಣವಾಗುತ್ತಿದ್ದುದರಿಂದ ಅಲ್ಲಿಯ ಪಾಠಕ್ಕೂ ಹೊರಗಿನ ಕೆಲಸಕ್ಕೂ ನಡುವೆ ಗೋಡೆಯೇಳಲು ಆಸ್ಪದವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಎರಡು ಬಗೆಯ ವಿದ್ಯೆಗಳನ್ನೂ ಸ್ವಾನುಭವದಿಂದ ಬಲ್ಲ ಈ ಮನುಷ್ಯನೇ 1912ರಲ್ಲಿ ಮೈಸೂರಿನ ದಿವಾನರಾದುದು ಈ ಕಥೆಯ ತಿರುವು.

ಅವರು ಮುಖ್ಯ ಇಂಜಿನಿಯರಾಗಿದ್ದಾಗಲೇ, 1911ರಲ್ಲಿ, ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾಗಿತ್ತು. ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳ ಪಕ್ಕದಲ್ಲಿಯೇ ಶಿಕ್ಷಣವನ್ನೂ ಒಂದು ಸಮಿತಿಯ ವಿಷಯವನ್ನಾಗಿಸಿದ ಅದರ ರಚನೆಯನ್ನು ಗಮನಿಸಿದರೆ, ವಿದ್ಯೆಯನ್ನು ದೇಶದ ದುಡಿಮೆಯಿಂದ ಬೇರ್ಪಡಿಸಿ ನೋಡಲಾಗದೆಂಬ ನಂಬಿಕೆ ಎಷ್ಟು ಗಾಢವಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ. 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿಯೂ ಎಚ್.ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾಗಿಯೂ, ಮೈಸೂರಿನ ಮಹಾರಾಜಾ ಕಾಲೇಜನ್ನೂ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೂ ಆಧಾರಸ್ತಂಭಗಳನ್ನಾಗಿಸಿಕೊಂಡು ಮೈಸೂರು ವಿಶ್ವವಿದ್ಯಾನಿಲಯವು ಜನ್ಮ ತಾಳಿತು. ಮರುವರ್ಷವೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಶಿವನಸಮುದ್ರದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದಿತು, ಕನ್ನಂಬಾಡಿಯ ಕಟ್ಟೆ 1911ರಿಂದ ಮೇಲೇಳುತ್ತಿದ್ದಿತು. ಕಲಿತವನಿಗೆ ಎಲ್ಲಿ ಕೆಲಸವೆಂಬ ಪ್ರಶ್ನೆಗೆ ಆ ತಂತಿಯೂ ಆ ಕಲ್ಲುಗೋಡೆಯೂ ಉತ್ತರವಾಗಿದ್ದವು.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ವೃತ್ತಾಂತವೊಂದು ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಶ್ರೀಗಂಧವು ಮೈಸೂರು ಅರಸರ ಏಕಸ್ವಾಮ್ಯವಾಗಿದ್ದರೂ, ಮರದ ಕೊರಡುಗಳು ಸಮುದ್ರ ದಾಟಿ ಜರ್ಮನಿಯಲ್ಲಿ ಎಣ್ಣೆಯಾಗುತ್ತಿದ್ದುವೇ ಹೊರತು, ಇಲ್ಲಿ ಆ ಎಣ್ಣೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಇಳಿಸುವವರಿರಲಿಲ್ಲ. 1914ರ ಮಹಾಯುದ್ಧವು ಆ ವ್ಯಾಪಾರದ ದಾರಿಯನ್ನು ಕಡಿದುಹಾಕಿ, ಗಂಧದ ಮರವು ಕೊಳ್ಳುವವರಿಲ್ಲದೆ ರಾಶಿಬಿದ್ದಾಗ, ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆಯನ್ನು ಬಟ್ಟಿಯಿಳಿಸುವ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿದರು. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರ ಮುತುವರ್ಜಿಯಿಂದ 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಎದ್ದವು. ಆ ಎಣ್ಣೆಯಿಂದಲೇ 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದು, ಅದನ್ನು ಸಾಧಿಸಿದ ಎಸ್.ಜಿ. ಶಾಸ್ತ್ರಿಗಳಿಗೆ 'ಸೋಪ್ ಶಾಸ್ತ್ರಿ' ಎಂಬ ಅಡ್ಡಹೆಸರೇ ನಿಂತುಹೋಯಿತು. ಪ್ರಯೋಗಶಾಲೆಯ ಗಾಜಿನ ಪಾತ್ರೆಗೂ ಅಂಗಡಿಯ ಕಪಾಟಿಗೂ ನಡುವೆ ಕಳೆದುದು ನಾಲ್ಕೈದು ವರ್ಷಗಳು ಮಾತ್ರ.

ಬೆಂಗಳೂರಿನ ಹೆಬ್ಬಾಳದ ಕಥೆ ಇದಕ್ಕಿಂತ ನಿಧಾನವಾದುದು. ಮಹಾರಾಣಿ ರೀಜೆಂಟರಾಗಿದ್ದ ವಾಣೀವಿಲಾಸ ಸನ್ನಿಧಾನದವರು 1899ರಲ್ಲಿ ಅಲ್ಲಿ ಕೃಷಿಪ್ರಯೋಗಕ್ಕಾಗಿ ಮೂವತ್ತು ಎಕರೆ ನೆಲವನ್ನು ಕೊಟ್ಟಿದ್ದರು. 1913ರಲ್ಲಿ ಅಲ್ಲಿಯೇ ಕೃಷಿ ಶಾಲೆ ತೆರೆಯಿತು. ಆಗಿನ ಕೃಷಿ ನಿರ್ದೇಶಕರಾದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳ ಮೇಲೆ ಸಿಂಪಡಿಸುವ ಉಪಾಯವನ್ನು ತೋಟದವರ ಮುಂದಿಟ್ಟವರು. ಮಳೆಗಾಲಕ್ಕೆ ಮುನ್ನ ಗೊನೆಗೊನೆಗೂ ಕೊಟ್ಟೆ ಕಟ್ಟುವ ಪ್ರಯಾಸವನ್ನು ತಲೆತಲಾಂತರದಿಂದ ಪಟ್ಟಿದ್ದ ತೋಟಿಗರು ಆ ಮದ್ದನ್ನು ಯಾವ ಪ್ರಮಾಣಪತ್ರವನ್ನೂ ನೋಡಿ ಒಪ್ಪಲಿಲ್ಲ. ಉದುರದೆ ನಿಂತ ಕಾಯನ್ನು ನೋಡಿ ಒಪ್ಪಿದರು.

ಇಷ್ಟಾದರೂ ಒಂದು ಕೊರತೆಯನ್ನು ಮುಚ್ಚಿಡುವಂತಿಲ್ಲ. ಈ ಕೌಶಲಗಳೆಲ್ಲ ಪದವಿಯ ನೆರೆಯಲ್ಲಿ ಬೆಳೆದುವೇ ವಿನಾ ಅದರ ಒಡಲೊಳಗೆ ಬೆಳೆಯಲಿಲ್ಲ. ಇಂಜಿನಿಯರಿಂಗ್ ಕಾಲೇಜಿನವನಿಗೆ ಕಟ್ಟೆ ದೊರೆಯಿತು, ಹೆಬ್ಬಾಳದವನಿಗೆ ಹೊಲ ದೊರೆಯಿತು, ಸಾಮಾನ್ಯ ಬಿ.ಎ. ತರಗತಿಯ ತರುಣನಿಗೆ ಮಾತ್ರ ಹಾರ್ಡಿಂಜನ ಕಾಲದ ಮೇಜೇ ಗತಿಯಾಗಿ ಉಳಿಯಿತು. ವಿಶ್ವೇಶ್ವರಯ್ಯನವರಿಗೂ ಇದರ ಅರಿವಿದ್ದಂತೆ ತೋರುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅವರು ವಿನಿಯೋಗಿಸಲಾಗಿ, 1943ರಲ್ಲಿ ಬೆಂಗಳೂರಿನಲ್ಲಿ ಆಗಿನ ಮಹಾರಾಜರ ಹೆಸರನ್ನು ಹೊತ್ತ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ತೆರೆಯಿತು. ಕುಲುಮೆಯ ಹಣವು ಕುಲುಮೆಯ ವಿದ್ಯೆಗೇ ಸಂದಿತು; ಆದರೆ ಅದೂ ಪದವಿಯ ಪಕ್ಕದ ಮನೆಯೇ ಆಯಿತು.

ಅನಂತರದ ಯತ್ನಗಳೆಲ್ಲ ಆ ನಡುಗೋಡೆಯನ್ನು ಒಡೆಯಲೆಳಸಿದವು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1994-95ರಲ್ಲಿ ಪ್ರಥಮ ಪದವಿಯ ತರಗತಿಗಳಲ್ಲಿ ವೃತ್ತಿವಿಷಯಗಳನ್ನು ಸೇರಿಸುವ ಯೋಜನೆಯನ್ನು ತಂದಿತು. 2021-22ರಲ್ಲಿ ಕರ್ನಾಟಕವು ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಕೌಶಲವರ್ಧನೆಯ ಪತ್ರಿಕೆಗಳನ್ನೊಳಗೊಂಡ ನಾಲ್ಕು ವರ್ಷದ ಕ್ರಮವನ್ನು ಅಂಗೀಕರಿಸಿ, 2024ರಲ್ಲಿ ಮರಳಿ ಮೂರು ವರ್ಷದ ಪದವಿಗೇ ಬಂದಿತು. ವೇಳಾಪಟ್ಟಿಯಲ್ಲಿ ಕೌಶಲಕ್ಕೆ ಒಂದು ಗಂಟೆಯನ್ನು ಮೀಸಲಿಡುವುದು ಕಷ್ಟವಲ್ಲವೆಂಬುದನ್ನೂ, ಆ ಗಂಟೆಯನ್ನು ಕೆಲಸವೊಂದರಿಂದ ತುಂಬುವುದು ಸುಲಭವಲ್ಲವೆಂಬುದನ್ನೂ ಈ ಏರಿಳಿತಗಳು ತಿಳಿಸುತ್ತವೆ. ಕೌಶಲವೇ ಪ್ರಶ್ನೆಪತ್ರಿಕೆಯ ವಿಷಯವಾದಾಗ, ಅದು ಪರೀಕ್ಷೆಯನ್ನು ಗೆಲ್ಲುವ ಕೌಶಲವಾಗಿ ಪರಿಣಮಿಸುವ ಅಪಾಯ ಯಾವಾಗಲೂ ಉಂಟು.

ಹೆಬ್ಬಾಳದ ಶಾಲೆಯು ಪದವಿ ಕಾಲೇಜಾದುದು 1946ರಲ್ಲಿ, ಕೃಷಿ ವಿಶ್ವವಿದ್ಯಾನಿಲಯವಾದುದು 1964ರಲ್ಲಿ. ಅಲ್ಲಿ ಮೊದಲು ಬಂದುದು ನೆಲ, ಆಮೇಲೆ ಶಾಲೆ; ಪದವಿ ಬರುವ ಹೊತ್ತಿಗೆ ಆ ನೆಲದಲ್ಲಿ ನಾಲ್ವತ್ತೇಳು ವರ್ಷಗಳ ಸಾಗುವಳಿ ಆಗಿಹೋಗಿದ್ದಿತು.